ಸೈನ್ 30 ಡಿಗ್ರಿಗೆ 0.4794 ಬರುತ್ತಿದೆ: ಇದು ಅಂದಾಜೋ, ತಪ್ಪೋ?

ಮೊದಲ ಸೆಮಿಸ್ಟರ್

ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಪ್ರೋಗ್ರಾಮ್ ಬರೆಯಲು ಶುರು ಮಾಡಿ ಎರಡು ತಿಂಗಳಾಗಿದೆ. ಲ್ಯಾಬಿನಲ್ಲಿ ಟೇಲರ್ ಶ್ರೇಣಿಯಿಂದ (ಪದಗಳನ್ನು ಕೂಡುತ್ತಾ ಕಳೆಯುತ್ತಾ ಬೆಲೆಗೆ ಹತ್ತಿರವಾಗುವ ಸೂತ್ರ) ಸೈನ್ ಬೆಲೆ ಕಂಡುಹಿಡಿದು ಲೈಬ್ರರಿಯ, ಅಂದರೆ ಸಿ ಜೊತೆ ಸಿದ್ಧವಾಗಿ ಬರುವ, ಸೈನ್ ಜೊತೆ ಹೋಲಿಸಲು ಹೇಳಿದ್ದರು. ಸಿ ಭಾಷೆಯಲ್ಲಿ ಬರೆದದ್ದರ ತಿರುಳನ್ನು ಕನ್ನಡದ ಹೆಸರುಗಳಲ್ಲಿ ಹಾಕುತ್ತಿದ್ದೇನೆ:

ರೇಡಿಯನ್ = ಡಿಗ್ರಿ * (22/7) / 180
ಮೊತ್ತ = 0, ಚಿಹ್ನೆ = 1
ಪ್ರತಿ ಬೆಸಸಂಖ್ಯೆ ನ = 1, 3, 5, 7... ಗೆ:
  ಮೊತ್ತ = ಮೊತ್ತ + ಚಿಹ್ನೆ * ಘಾತ(ರೇಡಿಯನ್, ನ) / ಫ್ಯಾಕ್ಟೋರಿಯಲ್(ನ)
  ಚಿಹ್ನೆ = -ಚಿಹ್ನೆ

ಡಿಗ್ರಿ, ರೇಡಿಯನ್, ಮೊತ್ತ ಮೂರೂ ಡಬಲ್, ಅಂದರೆ ದಶಮಾಂಶ ಹಿಡಿಸುವ ಬಗೆ. ಫ್ಯಾಕ್ಟೋರಿಯಲ್ (1ರಿಂದ ನ ವರೆಗಿನ ಸಂಖ್ಯೆಗಳ ಗುಣಲಬ್ಧ) ಮಾತ್ರ ಇಂಟ್, ಅಂದರೆ ಪೂರ್ಣಾಂಕ.

30 ಕೊಟ್ಟರೆ 0.479426 ಬರುತ್ತದೆ. ಸೈನ್ 30 ಅಂದರೆ ಅರ್ಧ ಎಂಬುದು ಹತ್ತನೆಯ ತರಗತಿಯಿಂದ ಬಾಯಿಪಾಠ. ಪದಗಳನ್ನು 5ರಿಂದ 10ಕ್ಕೆ, ಆಮೇಲೆ 15ಕ್ಕೆ ಏರಿಸಿದೆ. ಒಂದು ಅಂಕಿಯೂ ಕದಲಲಿಲ್ಲ. 20ಕ್ಕೆ ಏರಿಸಿದಾಗ ಸಂಖ್ಯೆಯೇ ಮಾಯವಾಗಿ ‘ನ್ಯಾನ್’ ಎಂದು ಬಂತು. ಇನ್ನೂ ಗೊಂದಲದ ಸಂಗತಿಯೆಂದರೆ, ಅದೇ ರೇಡಿಯನ್ ಬೆಲೆಯನ್ನು ಲೈಬ್ರರಿಯ ಸೈನ್‌ಗೆ ಕೊಟ್ಟರೆ ಅದೂ 0.479426 ಎನ್ನುತ್ತದೆ.

ಲ್ಯಾಬಿನ ಮೇಡಂ ಬಳಿ ಕೇಳಿದೆ. “ಎರಡೂ ಒಂದೇ ಬಂದಿದೆಯಲ್ಲ. ಶ್ರೇಣಿ ಅಂದಮೇಲೆ ಅಂದಾಜು, ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆ” ಎಂದು ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿದರು. ಅಂಕ ಸಿಕ್ಕಿತು, ಸಮಾಧಾನ ಸಿಗಲಿಲ್ಲ. ಅಂದಾಜು ಎಂದರೆ ನಿಜವಾಗಿಯೂ ಇಷ್ಟು ದೂರ ಹೋಗುತ್ತದೆಯೇ?

ನಿವೃತ್ತ ಗಣಿತ ಶಿಕ್ಷಕ

ಮಗು, ನಿನ್ನ ಅನುಮಾನ ಸರಿಯಾಗಿದೆ. ಅದನ್ನು ಬಿಟ್ಟುಕೊಡಬೇಡ. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಕಾಗದ, ಪೆನ್ನು ತೆಗೆದುಕೋ.

30 ಡಿಗ್ರಿ ಎಂದರೆ ಪೈ ಭಾಗಿಸು 6, ಅಂದರೆ 0.5235988 ರೇಡಿಯನ್. ಮೊದಲ ಪದ ಇದೇ. ಇದರ ಘನವನ್ನು 6ರಿಂದ ಭಾಗಿಸಿದರೆ 0.0239246. ಕಳೆದರೆ ಉಳಿಯುವುದು 0.4996742. ಐದನೆಯ ಘಾತವನ್ನು 120ರಿಂದ ಭಾಗಿಸಿ ಕೂಡಿಸಿದರೆ 0.5000021. ಏಳನೆಯ ಘಾತವನ್ನು 5040ರಿಂದ ಭಾಗಿಸಿ ಕಳೆದರೆ 0.49999999. ನಾಲ್ಕೇ ಪದಗಳಿಗೆ ನಿನ್ನ ಕ್ಯಾಲ್ಕುಲೇಟರಿನ ಪರದೆ ತುಂಬುವಷ್ಟು ನಿಖರತೆ ಬಂದಾಯಿತು.

ಒಮ್ಮೆ ಅರ್ಧಕ್ಕಿಂತ ಮೇಲೆ, ಒಮ್ಮೆ ಕೆಳಗೆ, ಹೀಗೆ ಉತ್ತರ ತೂಗಾಡುತ್ತಾ ಹತ್ತಿರವಾಗುವುದನ್ನು ಗಮನಿಸಿದೆಯಾ? ಕೂಡು, ಕಳೆ, ಕೂಡು, ಕಳೆ ಎಂದು ಸಾಗುವ ಶ್ರೇಣಿಯಲ್ಲಿ ಪದಗಳು ಒಂದೇ ಸಮನೆ ಚಿಕ್ಕದಾಗುತ್ತಾ ಶೂನ್ಯದತ್ತ ಹೋಗುತ್ತಿದ್ದರೆ, ಎಲ್ಲಿ ನಿಲ್ಲಿಸಿದರೂ ಆಗುವ ತಪ್ಪು ನಾವು ಬಿಟ್ಟ ಮೊದಲ ಪದಕ್ಕಿಂತ ದೊಡ್ಡದಾಗಲಾರದು. ಮೂರು ಪದಕ್ಕೆ ನಿಲ್ಲಿಸಿದೆಯೋ, ತಪ್ಪು 0.0000021ರ ಒಳಗೆ. ನಾಲ್ಕಕ್ಕೆ ನಿಲ್ಲಿಸಿದೆಯೋ, 0.00000001ರ ಒಳಗೆ. ನಿನ್ನ ಉತ್ತರ ಅರ್ಧದಿಂದ 0.0206ರಷ್ಟು ಆಚೆ ಇದೆ. ಮೂರು ಪದ ಬಳಸಿದ್ದರೂ ಶ್ರೇಣಿ ಒಪ್ಪಿಕೊಳ್ಳುವ ತಪ್ಪಿಗಿಂತ ಇದು ಹತ್ತಿರ ಹತ್ತಿರ ಹತ್ತು ಸಾವಿರ ಪಟ್ಟು. ಇದನ್ನು ಅಂದಾಜು ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮನೆ ಕಟ್ಟುವ ಮೇಸ್ತ್ರಿ “ಹತ್ತು ಸಾವಿರ ಇಟ್ಟಿಗೆ ಬೇಕು, ಇನ್ನೂರು ಹೆಚ್ಚು ಕಡಿಮೆ ಆದೀತು” ಎನ್ನುತ್ತಾನಲ್ಲ, ಅದು ಅಂದಾಜು. ಆ ‘ಇನ್ನೂರು’ ಇಲ್ಲದಿದ್ದರೆ ಅದು ಬರೀ ಬಾಯಿಮಾತು. ಮೂವತ್ತೆರಡು ವರ್ಷ ಪಾಠ ಮಾಡಿದ್ದೇನೆ. ಮಕ್ಕಳು ಸೂತ್ರ ಮರೆತಾಗ ನನಗೆ ಬೇಸರವಾದದ್ದಿಲ್ಲ. ತಪ್ಪಿನ ಮೇಲೆ ಅಂದಾಜು ಎಂಬ ಚೀಟಿ ಅಂಟಿಸಿ ಮುಂದೆ ಹೋದಾಗ ಬೇಸರವಾಗುತ್ತಿತ್ತು.

ಹಾಗಾದರೆ ತಪ್ಪು ಎಲ್ಲಿ? 0.479426 ಯಾವ ಕೋನದ ಸೈನ್ ಎಂದು ಹಿಂದಕ್ಕೆ ಹೋಗಿ ನೋಡು. ಸರಿಯಾಗಿ 0.5 ರೇಡಿಯನ್‌ನದು. 30ನ್ನು ಯಾವುದರಿಂದ ಗುಣಿಸಿ 180ರಿಂದ ಭಾಗಿಸಿದರೆ 0.5 ಬರುತ್ತದೆ? ಅಲ್ಲಿಗೆ ನಿನ್ನ ಪ್ರೋಗ್ರಾಮಿನಲ್ಲಿ ಪೈ ಬೆಲೆ ಎಷ್ಟಿದೆ ಎಂದು ತಿಳಿಯುತ್ತದೆ. ಏಕೆ ಹಾಗಾಯಿತು ಎಂಬುದನ್ನು ಸಿ ಬಲ್ಲವರು ಹೇಳಲಿ.

ಮೊದಲ ಸೆಮಿಸ್ಟರ್

ಸರ್, ಮೂರು! ನನ್ನ ಪೈ 3 ಆಗಿಬಿಟ್ಟಿದೆ. ಆವರಣದೊಳಗಿನ 22/7 ಎರಡೂ ಪೂರ್ಣಾಂಕ, ಆದ್ದರಿಂದ ಸಿ ಭಾಗಲಬ್ಧ 3ನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಎಸೆದಿದೆ. ತರಗತಿಯಲ್ಲಿ ಹೇಳಿದ್ದರು, 7/2 ಎಂದರೆ 3 ಎಂದು. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ನನ್ನದೇ ಪ್ರೋಗ್ರಾಮಿನೊಳಗೆ ಕುಳಿತಾಗ ಗುರುತು ಸಿಗಲಿಲ್ಲ.

ಆವರಣ ತೆಗೆದೆ. ಈಗ ಡಿಗ್ರಿ ಡಬಲ್ ಆದ್ದರಿಂದ ಎಡದಿಂದ ಎಲ್ಲವೂ ದಶಮಾಂಶದಲ್ಲೇ ನಡೆದು 0.500183 ಬಂತು. 3.14 ಹಾಕಿದರೆ 0.499770. 180 ಡಿಗ್ರಿಯ ರೇಡಿಯನ್ ಬೆಲೆಯನ್ನು ಲೈಬ್ರರಿಯ ಸೈನ್‌ಗೂ ಕೊಟ್ಟು ನೋಡಿದೆ, ಅಲ್ಲಿ ಶೂನ್ಯ ಬರಬೇಕು. 22/7ಕ್ಕೆ -0.001264, 3.14ಕ್ಕೆ 0.001593. ಒಂದು ಪೈಗಿಂತ ದೊಡ್ಡದು, ಒಂದು ಚಿಕ್ಕದು ಎಂಬುದು ಚಿಹ್ನೆಯಲ್ಲೇ ಕಾಣುತ್ತದೆ! ಕೊನೆಗೆ ಟ್ಯಾನ್ ವಿಲೋಮ 1ನ್ನು 4ರಿಂದ ಗುಣಿಸಿ ಪೈ ಪಡೆದೆ. ಈಗ 0.500000.

ಲೈಬ್ರರಿಯೂ ನನ್ನ ತಪ್ಪನ್ನೇ ಏಕೆ ಹೇಳಿತು ಎಂಬುದೂ ಅರ್ಥವಾಯಿತು. ನಾನು ಕೊಟ್ಟಿದ್ದೇ 0.5 ರೇಡಿಯನ್. ಅದು 0.5ಕ್ಕೆ ಸರಿಯಾದ ಉತ್ತರ ಕೊಟ್ಟಿದೆ. ಆದರೆ 20 ಪದಕ್ಕೆ ನ್ಯಾನ್ ಬರುವುದು ಇನ್ನೂ ನಿಂತಿಲ್ಲ.

ಬೆಸುಗೆ ಕಡ್ಡಿ

ಎಂಬೆಡೆಡ್ ಕೆಲಸ, ಅಂದರೆ ಯಂತ್ರಗಳೊಳಗಿನ ಚಿಪ್‌ಗಳಿಗೆ ಪ್ರೋಗ್ರಾಮ್ ಬರೆಯುವ ಕೆಲಸ, ಮಾಡುವವನು ನಾನು. ದಿನವಿಡೀ ಮೋಟಾರ್ ನಿಯಂತ್ರಣದ ಸೈನ್, ಕೊಸೈನ್‌ಗಳ ನಡುವೆಯೇ ಇರುತ್ತೇನೆ. ತಂಗಿ, ನಿಮ್ಮ ಎರಡನೆಯ ತಪ್ಪು ಫ್ಯಾಕ್ಟೋರಿಯಲ್‌ನಲ್ಲಿದೆ, ಅದು ಮೊದಲನೆಯದಕ್ಕಿಂತ ಕಪಟಿ.

ಇಂದಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ ಇಂಟ್ 32 ಬಿಟ್. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. 12ರ ಫ್ಯಾಕ್ಟೋರಿಯಲ್ 479001600, ಹಿಡಿಸುತ್ತದೆ. 13ರದ್ದು 6227020800, ಹಿಡಿಸುವುದಿಲ್ಲ. ಸಿ ನಿಯಮದ ಪ್ರಕಾರ ಆಮೇಲೆ ಏನು ಬೇಕಾದರೂ ಆಗಬಹುದು. ಸಾಮಾನ್ಯವಾಗಿ ಮೇಲಿನ ಬಿಟ್‌ಗಳು ಕತ್ತರಿಸಿಹೋಗಿ 1932053504 ಉಳಿಯುತ್ತದೆ. ನೋಡಲು ಗಂಭೀರವಾದ ಸಂಖ್ಯೆ, ಯಾರಿಗೂ ಅನುಮಾನ ಬರುವುದಿಲ್ಲ. 17ಕ್ಕೆ ಬಂದರೆ -288522240, ಚಿಹ್ನೆಯೇ ತಿರುಗಿತು. 34ರಿಂದ ಆಚೆ ಉಳಿದ 32 ಬಿಟ್‌ಗಳೂ ಸೊನ್ನೆ. 34ರ ಫ್ಯಾಕ್ಟೋರಿಯಲ್‌ನಲ್ಲಿ 2 ಎಂಬ ಅಪವರ್ತನ ಸರಿಯಾಗಿ 32 ಬಾರಿ ಇರುವುದೇ ಇದಕ್ಕೆ ಕಾರಣ. ನಿಮ್ಮ ಹದಿನೆಂಟನೆಯ ಪದ 35ರದ್ದು, ಅಲ್ಲಿ ಸೊನ್ನೆಯಿಂದ ಭಾಗಿಸಿದಿರಿ, ಋಣ ಅನಂತ ಬಂತು. ಹತ್ತೊಂಬತ್ತನೆಯ ಪದ ಧನ ಅನಂತ. ಎರಡನ್ನೂ ಕೂಡಿಸಿದಾಗ ನ್ಯಾನ್, ಅಂದರೆ ‘ಇದು ಸಂಖ್ಯೆಯಲ್ಲ’.

ನ್ಯಾನ್ ಬಂದದ್ದು ನಿಮ್ಮ ಅದೃಷ್ಟ. 30 ಡಿಗ್ರಿಯಲ್ಲಿ ಹದಿಮೂರನೆಯ ಘಾತದ ಪದ ಅದೆಷ್ಟು ಚಿಕ್ಕದೆಂದರೆ ಛೇದ ಕೆಟ್ಟರೂ ಆರು ದಶಮಾಂಶದಲ್ಲಿ ಕಾಣುವುದಿಲ್ಲ. ಸರಿಯಾದ ಪೈ ಹಾಕಿ 180 ಡಿಗ್ರಿಗೆ ಏಳು ಪದ ಕೂಡಿಸಿ ನೋಡಿ: ಫ್ಯಾಕ್ಟೋರಿಯಲ್ ಸರಿ ಇದ್ದರೆ 0.000021 ಬರಬೇಕು, ಇಂಟ್ ಬಳಸಿದರೆ 0.001058 ಬರುತ್ತದೆ. ಇಲ್ಲಿಯೂ ಯಾರಾದರೂ “ಅಂದಾಜಲ್ಲವೇ” ಎಂದು ಮುಂದೆ ಹೋಗುತ್ತಾರೆ.

ಇಂಟ್ ಬದಲು 64 ಬಿಟ್‌ನ ಲಾಂಗ್ ಲಾಂಗ್ ಹಾಕಿದರೆ 20ರ ಫ್ಯಾಕ್ಟೋರಿಯಲ್‌ವರೆಗೆ ತಳ್ಳಬಹುದು, 21ಕ್ಕೆ ಅದೂ ತುಂಬಿ ಹರಿಯುತ್ತದೆ. ಹಾಗಾಗಿ ಫ್ಯಾಕ್ಟೋರಿಯಲ್ ಎಂಬ ಫಲನವನ್ನೇ ಅಳಿಸಿಹಾಕಿ. ಪ್ರತಿ ಪದವನ್ನೂ ಹಿಂದಿನ ಪದದಿಂದಲೇ ಪಡೆಯಬಹುದು:

ಪದ = ರೇಡಿಯನ್, ಮೊತ್ತ = ರೇಡಿಯನ್
ಕ = 1, 2, 3... ಗೆ:
  ಪದ = -ಪದ * ರೇಡಿಯನ್ * ರೇಡಿಯನ್ / ((2*ಕ) * (2*ಕ + 1))
  ಮೊತ್ತ = ಮೊತ್ತ + ಪದ

ಘಾತ ಬೇಡ, ಫ್ಯಾಕ್ಟೋರಿಯಲ್ ಬೇಡ, ಚಿಹ್ನೆಗೆ ಬೇರೆ ಚರಾಕ್ಷರವೂ ಬೇಡ. ಪದದ ಗಾತ್ರ ನಿಮಗೆ ಬೇಕಾದ ನಿಖರತೆಗಿಂತ ಚಿಕ್ಕದಾದಾಗ ನಿಲ್ಲಿಸಿ. ಗಾತ್ರ ನೋಡಲು ‘ಎಬಿಎಸ್’ ಬಳಸಬೇಡಿ, ಸಿಯಲ್ಲಿ ಅದು ಪೂರ್ಣಾಂಕದ್ದು. 0.52ನ್ನು ಕೊಟ್ಟರೆ 0 ಎನ್ನುತ್ತದೆ, ಲೂಪ್ ಶುರುವಾಗುವ ಮೊದಲೇ ಮುಗಿಯುತ್ತದೆ. ‘ಎಫ್‌ಎಬಿಎಸ್’ ಬಳಸಿ.

ವಿಟಿಯು ಪಠ್ಯಕ್ರಮದ ಸಿ ಲ್ಯಾಬ್ ಪಟ್ಟಿಗಳಲ್ಲಿ ಈ ಪ್ರಶ್ನೆಯ ಜೊತೆಗೆ ‘ಲೈಬ್ರರಿಯ ಫಲನದೊಂದಿಗೆ ಹೋಲಿಸಿ’ ಎಂಬ ಮಾತೂ ಇತ್ತು. ಅದನ್ನು ಸೇರಿಸಿದವರು ಒಳ್ಳೆಯ ಕೆಲಸ ಮಾಡಿದ್ದಾರೆ. ಅದರ ಪಕ್ಕದಲ್ಲಿ 0, 30, 90, 180 ಡಿಗ್ರಿಗಳನ್ನು ನೀವೇ ಬರೆದುಕೊಳ್ಳಿ. ಇವುಗಳ ಉತ್ತರ ಯಾವ ಲೈಬ್ರರಿಯನ್ನೂ ಕೇಳದೆ ನಮಗೆ ಗೊತ್ತು.

ಪೈಥಾನ್ ಪಕ್ಷ

ಇಷ್ಟೆಲ್ಲ ಕಷ್ಟ ಏಕೆ? ಹೊಸಬರಿಗೆ ಪೈಥಾನ್ ಕಲಿಸಿ. ಈಗಿನ ಪೈಥಾನ್‌ನಲ್ಲಿ 22/7 ಎಂದರೆ 3.142857 ಎಂದೇ ಬರುತ್ತದೆ. ಪೂರ್ಣಾಂಕಗಳು ಎಷ್ಟು ಬೇಕಾದರೂ ಬೆಳೆಯುತ್ತವೆ, 100ರ ಫ್ಯಾಕ್ಟೋರಿಯಲ್ ಕೂಡ ಅಂಕಿ ಬಿಡದೆ ಸಿಗುತ್ತದೆ. ಈ ಹುಡುಗಿಯ ಎರಡೂ ತೊಂದರೆಗಳು ಅಲ್ಲಿ ಹುಟ್ಟುತ್ತಲೇ ಇರಲಿಲ್ಲ. ಮೊದಲ ಎರಡು ತಿಂಗಳಲ್ಲಿ ಬಿಟ್‌ಗಳ ಜೊತೆ ಗುದ್ದಾಡಿ ಎಷ್ಟೋ ಮಕ್ಕಳು ಪ್ರೋಗ್ರಾಮಿಂಗ್ ಎಂದರೆ ಹೆದರುತ್ತಾರೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಬೆಸುಗೆ ಕಡ್ಡಿ

ಹೆದರಿಕೆಯ ಮಾತು ಒಪ್ಪುತ್ತೇನೆ. ಆ ಎರಡು ತೊಂದರೆಗಳು ಪೈಥಾನ್‌ನಲ್ಲಿ ಇಲ್ಲ ಎಂಬುದೂ ನಿಜ. ಆದರೆ ಪೈಥಾನ್‌ನಲ್ಲೇ ಇದೇ ಶ್ರೇಣಿಗೆ 40 ರೇಡಿಯನ್ ಕೊಟ್ಟು ನೋಡಿ. ಗಣಿತದ ಪ್ರಕಾರ ಶ್ರೇಣಿ ಎಲ್ಲ ಕೋನಗಳಿಗೂ ಸರಿ. ಸೈನ್ 40 ರೇಡಿಯನ್ ಎಂದರೆ 0.745113. ಆದರೆ ದಾರಿಯಲ್ಲಿ ಪದಗಳು ಚಿಕ್ಕದಾಗುವ ಮೊದಲು ಬೆಟ್ಟದಷ್ಟು ಬೆಳೆಯುತ್ತವೆ. 40ರ 39ನೆಯ ಘಾತ ಭಾಗಿಸು 39ರ ಫ್ಯಾಕ್ಟೋರಿಯಲ್ ಎಂದರೆ ಸುಮಾರು 14800000000000000, ಹದಿನೇಳು ಅಂಕಿಯ ಸಂಖ್ಯೆ.

ಡಬಲ್‌ನಲ್ಲಿ ಸುಮಾರು ಹದಿನಾರು ಅಂಕಿಗಳಿಗೆ ಮಾತ್ರ ಜಾಗ. ಇಷ್ಟು ಎತ್ತರದಲ್ಲಿ ಒಂದು ಸಂಖ್ಯೆಗೂ ಅದರ ಪಕ್ಕದ ಸಂಖ್ಯೆಗೂ ನಡುವಿನ ಅಂತರವೇ 2. ಬೆಸಸಂಖ್ಯೆಗಳನ್ನು ಅಲ್ಲಿ ಬರೆಯಲಿಕ್ಕೇ ಆಗುವುದಿಲ್ಲ. ನಾವು ಹುಡುಕುತ್ತಿರುವ ಉತ್ತರವೋ -1 ಮತ್ತು 1ರ ನಡುವೆ ಇರುವಂಥದ್ದು. ಎರಡು ಮೀಟರಿಗೊಂದು ಗುರುತು ಇರುವ ಟೇಪಿನಿಂದ ಬೆರಳಿನ ಉಗುರನ್ನು ಅಳೆದ ಹಾಗೆ. ದೈತ್ಯ ಪದಗಳು ಪರಸ್ಪರ ಹೊಡೆದುಹೋದ ಮೇಲೆ ಉಳಿಯುವುದು ದುಂಡಾಗಿಸುವಾಗ ಬಿದ್ದ ಚೂರುಗಳು ಮಾತ್ರ. ಪದಗಳನ್ನು ಎಷ್ಟೇ ಹೆಚ್ಚಿಸಿದರೂ ಕಳೆದುಹೋದ ಅಂಕಿ ಮರಳುವುದಿಲ್ಲ.

ತಂಗಿ, ಮೇಷ್ಟರು ಹೇಳಿದ ನಿಯಮದಲ್ಲಿ ‘ಪದಗಳು ಒಂದೇ ಸಮನೆ ಚಿಕ್ಕದಾಗುತ್ತಾ’ ಎಂಬ ಷರತ್ತು ಇತ್ತು, ನೆನಪಿದೆಯೇ? 40ರಲ್ಲಿ ಮೊದಲ ಇಪ್ಪತ್ತು ಪದಗಳು ಆ ಷರತ್ತನ್ನು ಮುರಿಯುತ್ತವೆ.

ಪರಿಹಾರ ಸುಲಭ. ಕೋನವನ್ನು ಡಿಗ್ರಿಯಲ್ಲಿ ಇರುವಾಗಲೇ 360ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ: 765 ಡಿಗ್ರಿ ಎಂದರೆ 45 ಡಿಗ್ರಿಯೇ. ಆಮೇಲೆ ಸಮ್ಮಿತಿ ಬಳಸಿ 0ಯಿಂದ 90ರ ಒಳಗೆ ತನ್ನಿ: ಸೈನ್ 150 ಎಂದರೆ ಸೈನ್ 30, ಸೈನ್ 210 ಎಂದರೆ ಋಣ ಸೈನ್ 30. ಅಷ್ಟರ ಮೇಲೆ ಹತ್ತೇ ಪದ ಸಾಕು. ಬಿಟ್ಟ ಮೊದಲ ಪದದ ಮೊದಲ ಅಂಕಿ ಹದಿನಾರನೆಯ ದಶಮಾಂಶ ಸ್ಥಾನದಲ್ಲಿರುತ್ತದೆ.

ಒಂದು ಅನುಮಾನ

ನನಗೆ ಮೂಲಭೂತವಾದ ತಕರಾರಿದೆ. ಯಾವ ಲೈಬ್ರರಿಯೂ ಟೇಲರ್ ಶ್ರೇಣಿ ಬಳಸುವುದಿಲ್ಲವಂತೆ. ಕ್ಯಾಲ್ಕುಲೇಟರ್ ಕೂಡ ಬಳಸುವುದಿಲ್ಲ. ಹಾಗಿದ್ದಮೇಲೆ ಯಾರೂ ಬಳಸದ ವಿಧಾನವನ್ನು ಹೊಸಬರಿಗೆ ಕಲಿಸುವುದು ಏಕೆ?

ಬೆಸುಗೆ ಕಡ್ಡಿ

ಅರ್ಧ ನಿಜ. 1972ರಲ್ಲಿ ಬಂದ ಎಚ್‌ಪಿ-35 ಎಂಬ ಕೈಹಿಡಿ ಕ್ಯಾಲ್ಕುಲೇಟರ್ ಬಳಸಿದ್ದು ಕಾರ್ಡಿಕ್ ವಿಧಾನವನ್ನು. ಜ್ಯಾಕ್ ವೋಲ್ಡರ್ 1959ರಲ್ಲಿ ಪ್ರಕಟಿಸಿದ್ದು ಅದು. ಗುಣಾಕಾರವಿಲ್ಲದೆ ಅಂಕಿಗಳನ್ನು ಸರಿಸುತ್ತಾ, ಕೂಡುತ್ತಾ ಕಳೆಯುತ್ತಾ ಕೋನವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತದೆ. ಗುಣಿಸುವ ಯಂತ್ರಾಂಶವೇ ಇಲ್ಲದ ಚಿಕ್ಕ ಚಿಪ್‌ಗಳಿಗೆ ಅದು ಹೇಳಿ ಮಾಡಿಸಿದ್ದು.

ಕಂಪ್ಯೂಟರಿನ ಲೈಬ್ರರಿಯ ಕಥೆ ಬೇರೆ. ಸನ್ ಕಂಪನಿಯ 1993ರ ಗಣಿತ ಲೈಬ್ರರಿ ಎಫ್‌ಡಿಲಿಬ್‌ಎಂ ಮುಕ್ತವಾಗಿ ಸಿಗುತ್ತದೆ, ಒಮ್ಮೆ ತೆರೆದು ಓದಿ. ಮೊದಲು ಕೋನವನ್ನು 45 ಡಿಗ್ರಿಯ ಒಳಗೆ ಇಳಿಸುತ್ತಾರೆ. ಆಮೇಲೆ ಹದಿಮೂರನೆಯ ಘಾತದವರೆಗಿನ ಬಹುಪದ, ಬೆಸ ಘಾತಗಳು ಮಾತ್ರ. ರೂಪ ಟೇಲರ್‌ನದೇ, ಗುಣಾಂಕಗಳನ್ನು ಮಾತ್ರ ಕೂದಲೆಳೆಯಷ್ಟು ತಿದ್ದಿದ್ದಾರೆ. ಘನದ ಗುಣಾಂಕ ಆರನೆಯ ಒಂದು, ಅಂದರೆ 0.16666666666666666... ಇರಬೇಕಲ್ಲ. ಅಲ್ಲಿರುವುದು 0.166666666666666324. ಹದಿನಾರನೆಯ ದಶಮಾಂಶ ಸ್ಥಾನದಲ್ಲಿ 6ರ ಬದಲು 3 ಬಂದಿದೆ. ಟೇಲರ್ ಬಹುಪದ ಸೊನ್ನೆಯ ಬಳಿ ಅತಿ ನಿಖರ, ಅಂಚಿಗೆ ಹೋದಂತೆ ತಪ್ಪು ಬೆಳೆಯುತ್ತದೆ. ಈ ತಿದ್ದುಪಡಿ ಆ ತಪ್ಪನ್ನು ಇಡೀ ವ್ಯಾಪ್ತಿಗೆ ಹಂಚುತ್ತದೆ. ಆ 3 ಅಲ್ಲಿಗೆ ಏಕೆ ಬಂತೆಂದು ಬೆರಗಾಗಬೇಕಾದರೆ ಮೊದಲು 6 ಏಕೆ ಇರಬೇಕಿತ್ತೆಂದು ಗೊತ್ತಿರಬೇಕು. ಅದಕ್ಕಾಗಿಯಾದರೂ ಈ ಪ್ರಶ್ನೆ ಮೊದಲ ವರ್ಷದಲ್ಲಿರಲಿ.

ನಿವೃತ್ತ ಗಣಿತ ಶಿಕ್ಷಕ

‘ಟೇಲರ್ ಶ್ರೇಣಿ’ ಎಂಬ ಹೆಸರಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಟೇಲರ್ ತನ್ನ ಸಾಮಾನ್ಯ ಸೂತ್ರವನ್ನು ಪ್ರಕಟಿಸಿದ್ದು 1715ರಲ್ಲಿ. ಸೈನ್ ಶ್ರೇಣಿ ನ್ಯೂಟನ್ನನ 1669ರ ಬರಹದಲ್ಲೇ ಇದೆ. ಅದಕ್ಕೂ ಸುಮಾರು ಇನ್ನೂರೈವತ್ತು ವರ್ಷ ಮೊದಲು ಕೇರಳದ ಸಂಗಮಗ್ರಾಮದ ಮಾಧವನಿಗೆ ಇದು ತಿಳಿದಿತ್ತು. ಅವನ ಪರಂಪರೆಯ ಜ್ಯೇಷ್ಠದೇವ ಹದಿನಾರನೆಯ ಶತಮಾನದಲ್ಲಿ ‘ಯುಕ್ತಿಭಾಷಾ’ದಲ್ಲಿ ಇದರ ಉಪಪತ್ತಿಯನ್ನು ಮಲಯಾಳದಲ್ಲಿ, ಜನರ ಮಾತಿನಲ್ಲಿ, ವಿವರಿಸಿದ.

ಪ್ರೋಗ್ರಾಮ್ ಬರೆಯುವವರಿಗೆ ಸ್ವಾರಸ್ಯವೆನಿಸುವುದು ಮಾಧವನದೆಂದು ಪರಂಪರೆ ಹೇಳುವ ಒಂದು ಶ್ಲೋಕ. ಅದರಲ್ಲಿ ಐದು ಸಂಖ್ಯೆಗಳನ್ನು ಕಟಪಯಾದಿಯಲ್ಲಿ, ಅಂದರೆ ಪ್ರತಿ ವ್ಯಂಜನಕ್ಕೆ ಒಂದು ಅಂಕಿ ಕೊಡುವ ಪದ್ಧತಿಯಲ್ಲಿ, ಅಡಗಿಸಿದ್ದಾರೆ. ಮೊದಲ ಪದ ‘ವಿದ್ವಾನ್’, ಎರಡನೆಯದು ‘ತುನ್ನಬಲ’.

ವೀಣೆಯ ವಿದ್ಯಾರ್ಥಿನಿ

ಕಟಪಯಾದಿ ಎಂದಾಗ ಸುಮ್ಮನಿರಲಾಗಲಿಲ್ಲ, ಸರ್. ಮೇಳಕರ್ತ ರಾಗಗಳ ಸಂಖ್ಯೆಯನ್ನು ನಾವು ಹೀಗೆಯೇ ತೆಗೆಯುವುದು. ಮೇಚಕಲ್ಯಾಣಿ: ಮ ಎಂದರೆ 5, ಚ ಎಂದರೆ 6, ಹಿಂದುಮುಂದಾಗಿ ಓದಿದರೆ 65ನೆಯ ಮೇಳ. ಹಾಗಾದರೆ ‘ವಿದ್ವಾನ್’: ವ 4, ಒತ್ತಕ್ಷರದಲ್ಲಿ ಕೊನೆಯ ವ್ಯಂಜನ ವ ಮತ್ತೆ 4, ಸ್ವರವಿಲ್ಲದ ನ್ ಲೆಕ್ಕಕ್ಕಿಲ್ಲ. 44. ‘ತುನ್ನಬಲ’: ತ 6, ನ 0, ಬ 3, ಲ 3, ತಿರುಗಿಸಿದರೆ 3306. ಸರಿಯೇ?

ನಿವೃತ್ತ ಗಣಿತ ಶಿಕ್ಷಕ

ತಾಯಿ, ನೂರಕ್ಕೆ ನೂರು ಸರಿ. 44 ತತ್ಪರೆ, ಆಮೇಲೆ 33 ವಿಕಲೆ 06 ತತ್ಪರೆ. ಮುಂದಿನ ಮೂರು: 16 ಕಲೆ 05 ವಿಕಲೆ 41 ತತ್ಪರೆ, 273-57-47, 2220-39-40. ಅರವತ್ತು ತತ್ಪರೆಗೆ ಒಂದು ವಿಕಲೆ, ಅರವತ್ತು ವಿಕಲೆಗೆ ಒಂದು ಕಲೆ, ಅರವತ್ತು ಕಲೆಗೆ ಒಂದು ಡಿಗ್ರಿ. 90 ಡಿಗ್ರಿ ಎಂದರೆ 5400 ಕಲೆ.

ವಿಧಾನ ಹೀಗೆ. ನಿನ್ನ ಕೋನದ ಕಲೆಗಳನ್ನು 5400ರಿಂದ ಭಾಗಿಸಿ ವರ್ಗ ಮಾಡು. ಆ ವರ್ಗದಿಂದ ಮೊದಲ ಸಂಖ್ಯೆಯನ್ನು ಗುಣಿಸಿ ಎರಡನೆಯದರಿಂದ ಕಳೆ. ಉಳಿದದ್ದನ್ನು ಮತ್ತೆ ಅದೇ ವರ್ಗದಿಂದ ಗುಣಿಸಿ ಮೂರನೆಯದರಿಂದ ಕಳೆ. ಹೀಗೆ ಐದನೆಯದರವರೆಗೆ. ಕೊನೆಗೆ ಉಳಿದದ್ದನ್ನು ಆ ಭಾಗಲಬ್ಧದ ಘನದಿಂದ ಗುಣಿಸಿ ಕೋನದ ಕಲೆಗಳಿಂದಲೇ ಕಳೆದರೆ ಜ್ಯಾ ಸಿಗುತ್ತದೆ. ಜ್ಯಾ ಎಂದರೆ ತ್ರಿಜ್ಯದಿಂದ ಗುಣಿಸಿದ ಸೈನ್, ತ್ರಿಜ್ಯ 3437.74677 ಕಲೆ.

ಘಾತಗಳನ್ನು ಬಿಡಿಬಿಡಿಯಾಗಿ ಎಲ್ಲಿಯೂ ಲೆಕ್ಕ ಹಾಕುವುದಿಲ್ಲ, ಫ್ಯಾಕ್ಟೋರಿಯಲ್ ಆ ಐದು ಸಂಖ್ಯೆಗಳೊಳಗೆ ಮೊದಲೇ ಕರಗಿಹೋಗಿದೆ, ಒಂದೇ ಗುಣಿಸು-ಕಳೆ ಮತ್ತೆ ಮತ್ತೆ. ಇಂದಿನ ಪುಸ್ತಕಗಳು ಹಾರ್ನರ್ ವಿಧಾನ ಎನ್ನುವುದು ಇದನ್ನೇ. ಬಾಯಿಪಾಠದಲ್ಲಿ ಉಳಿಯಬೇಕಾದ ಲೆಕ್ಕವಾದ್ದರಿಂದ ಒಂದು ಹೆಜ್ಜೆಯೂ ದಂಡವಾಗದಂತೆ ಕಟ್ಟಿದ್ದಾರೆ.

ಮೊದಲ ಸೆಮಿಸ್ಟರ್

ಎರಡು ದಿನ ತಡವಾಯಿತು, ಕಿರುಪರೀಕ್ಷೆ ಇತ್ತು. ಮೂರು ಪ್ರೋಗ್ರಾಮ್ ಬರೆದೆ. ಒಂದು, ಅಣ್ಣ ಹೇಳಿದ ಹಿಂದಿನ ಪದದಿಂದ ಮುಂದಿನ ಪದ ಪಡೆಯುವುದು. 20 ಪದ ಕೊಟ್ಟರೂ ನ್ಯಾನ್ ಇಲ್ಲ. ಇನ್ನೊಂದರಲ್ಲಿ 40 ರೇಡಿಯನ್ ಕೊಟ್ಟು ಪ್ರತಿ ಪದವನ್ನೂ ಅಚ್ಚು ಮಾಡಿಸಿದೆ. ಇಪ್ಪತ್ತನೆಯ ಪದದವರೆಗೆ ಸಂಖ್ಯೆಗಳು ಪರದೆಯ ಬಲಕ್ಕೆ ಉದ್ದವಾಗುತ್ತಾ ಹೋಗಿ ಆಮೇಲೆ ಕುಗ್ಗಿದ್ದನ್ನು ನೋಡಿದೆ. ಕೊನೆಯ ಮೊತ್ತಕ್ಕೂ 0.745113ಕ್ಕೂ ಸಂಬಂಧವೇ ಇರಲಿಲ್ಲ.

ಮೂರನೆಯದು ಮಾಧವನ ಐದು ಸಂಖ್ಯೆಗಳದ್ದು. ಲೂಪಿನಲ್ಲಿ ಒಂದೇ ಸಾಲು. 30 ಡಿಗ್ರಿ, ಅಂದರೆ 1800 ಕಲೆ ಕೊಟ್ಟೆ. 5400ರಿಂದ ಭಾಗಿಸುವಾಗ 5400.0 ಎಂದೇ ಬರೆದೆ, ಈ ಸಲ ಮರೆಯಲಿಲ್ಲ. ಉತ್ತರ 1718.873381 ಕಲೆ. ತ್ರಿಜ್ಯದಿಂದ ಭಾಗಿಸಿದರೆ ಎಂಟು ದಶಮಾಂಶಕ್ಕೆ 0.50000000. ಆಮೇಲೆ ಹಳೆಯ ಕ್ರಮದಲ್ಲೇ ಬಿಡಿಸಿ ಬರೆದೆ: 1718 ಕಲೆ, 52 ವಿಕಲೆ, 24 ತತ್ಪರೆ.

ಮಾಧವನ ಜ್ಯಾ ಕೋಷ್ಟಕದಲ್ಲಿ ಮೂರೂಮುಕ್ಕಾಲು ಡಿಗ್ರಿಗೊಂದರಂತೆ 24 ಬೆಲೆಗಳಿವೆ. ಎಂಟನೆಯದು 30 ಡಿಗ್ರಿಯದು. ಹುಡುಕಿ ನೋಡಿದೆ, ಸರ್. ಅಲ್ಲಿರುವುದು 1718-52-24.

ರೆಕಾರ್ಡ್ ಪುಸ್ತಕದಲ್ಲಿ ಸಹಿಯಾದ ಪುಟದ ಪಕ್ಕದಲ್ಲಿ ಈ ಹೊಸ ಔಟ್‌ಪುಟ್ ಅಂಟಿಸಿದ್ದೇನೆ, ಪ್ರತಿ ಉತ್ತರದ ಮುಂದೆ ಬಿಟ್ಟ ಮೊದಲ ಪದ ಎಷ್ಟು ಎಂದೂ ಬರೆದಿದ್ದೇನೆ. ಸೋಮವಾರ ಲ್ಯಾಬ್ ಇದೆ, ಮೇಡಂಗೆ ತೋರಿಸುತ್ತೇನೆ.